ಜೇನುಪೆಟ್ಟಿಗೆ ಇಟ್ಟರೆ ಆನೆ ಬರಲ್ವಂತೆ, ನಿಜವಾ? ಸಕಲೇಶಪುರ, ಆಲೂರು, ಬೇಲೂರು ಕಡೆಯವರು ಹೇಳಿ

ತೋಟದಂಚು · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಹೆತ್ತೂರು ಕಡೆ ಆರು ಎಕರೆ ರೋಬಸ್ಟಾ ಕಾಫಿ, ಒಂದೂವರೆ ಎಕರೆ ಗದ್ದೆ ನಮ್ಮದು. ಗದ್ದೆ ಮೂರು ವರ್ಷದಿಂದ ಪಾಳು ಬಿಟ್ಟಿದ್ದೇನೆ. ಕಾರಣ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಮುಂದಿನ ತಿಂಗಳು ಗ್ರಾಮಸಭೆ ಇದೆ. ಆನೆ ವಿಷಯಕ್ಕೆ ಊರಿನವರೆಲ್ಲ ಸೇರಿ ಒಂದೇ ಬೇಡಿಕೆ ಬರೆದುಕೊಡಿ, ಹತ್ತು ಅರ್ಜಿ ತಂದರೆ ಒಂದೂ ಆಗಲ್ಲ ಅಂತ ಪಂಚಾಯ್ತಿಯವರು ಹೇಳಿದ್ದಾರೆ. ಅಲ್ಲಿಂದ ಜಗಳ ಶುರು. ಒಬ್ಬರು ರೈಲು ಕಂಬಿಯ ಬ್ಯಾರಿಕೇಡ್ ಬೇಕು ಅಂತಾರೆ. ಇನ್ನೊಬ್ಬರು ಕಂದಕ. ಹುಡುಗರು ಎಲ್ಲ ಆನೆ ಹಿಡಿದು ಬೇರೆ ಕಡೆ ಬಿಡಿ ಅಂತಾರೆ. ನಮ್ಮ ಭಾವ ವಾಟ್ಸಾಪಲ್ಲಿ ಒಂದು ಸುದ್ದಿ ಕಳಿಸಿದ್ದಾನೆ, ಕೀನ್ಯಾದಲ್ಲಿ ಜೇನುಪೆಟ್ಟಿಗೆ ಬೇಲಿ ಹಾಕಿ ಶೇಕಡಾ 86 ಆನೆ ತಡೆದಿದ್ದಾರೆ, ವಿಜ್ಞಾನಿಗಳೇ ಹೇಳಿದ್ದಾರೆ ಅಂತ.

ಗೂಗಲ್ ಮಾಡಿದೆ. ಒಂದು ಅಧ್ಯಯನ ಆಗುತ್ತೆ ಅನ್ನುತ್ತೆ, ಇನ್ನೊಂದು ಅಷ್ಟೇನಿಲ್ಲ ಅನ್ನುತ್ತೆ. ತಲೆ ಕೆಟ್ಟುಹೋಯ್ತು. ಓದಿದವರು ಯಾರಾದರೂ ಇದ್ದರೆ ಹೇಳಿ, ಇದರಲ್ಲಿ ಯಾವುದನ್ನು ನಂಬಬೇಕು?

ಗದ್ದೆಬದು · ಭಾನುವಾರ ರಾತ್ರಿ 9:34

ಯಾವುದನ್ನೂ ನಂಬಬೇಡಿ ಗೌಡ್ರೇ. ಎಲ್ಲ ಪುಸ್ತಕದ ಬದನೆಕಾಯಿ. ನಮ್ಮ ಯಸಳೂರು ಕಡೆಗೆ ಎಷ್ಟು ಜನ ಬಂದು ಫಾರಂ ತುಂಬಿಸಿಕೊಂಡು ಹೋದರು ಅಂತ ಲೆಕ್ಕ ಇಟ್ಟಿಲ್ಲ. ಫಾರಂ ಹೋಯ್ತು, ಜನ ಹೋದರು, ಆನೆ ಮಾತ್ರ ಇಲ್ಲೇ ಇದೆ. 2023ರ ಡಿಸೆಂಬರ್ 4ರಂದು ದಸರಾ ಆನೆ ಅರ್ಜುನ ನಮ್ಮ ಯಸಳೂರು ಕಾಡಲ್ಲೇ ಕಾಡಾನೆ ಜೊತೆ ಕಾದಾಡಿ ಸತ್ತ. ಎಂಟು ಸಲ ಅಂಬಾರಿ ಹೊತ್ತ ಆನೆ. ಅಂಥದ್ದಕ್ಕೇ ಆಗಲಿಲ್ಲ, ಇನ್ನು ಜೇನುಹುಳು ಏನು ಮಾಡುತ್ತೆ?

ಹೇಮಾವತಿ_ದಂಡೆ · ಭಾನುವಾರ ರಾತ್ರಿ 10:48

ನಮ್ಮ ತವರು ಆಲೂರು. ನಾನು ಎಂಟು ವರ್ಷ ಮಾಡಿದ ಕೆಲಸವೇ ಇದು. ಒಂದು ವಿಷಯದ ಮೇಲೆ ಬಂದ ಎಲ್ಲ ಅಧ್ಯಯನ ಹುಡುಕಿ, ಜರಡಿ ಹಿಡಿದು, ಒಟ್ಟಿಗೆ ಏನು ಹೇಳುತ್ತವೆ ಅಂತ ಬರೆಯೋದು. ಸಿಸ್ಟಮ್ಯಾಟಿಕ್ ರಿವ್ಯೂ ಅಂತಾರೆ. ನಾನು ಮಾಡಿದ್ದು ಆರೋಗ್ಯದ ವಿಷಯದಲ್ಲಿ, ಆನೆಯಲ್ಲಲ್ಲ. ಆದರೆ ಗೌಡ್ರು ಕೇಳಿದ ಪ್ರಶ್ನೆ ಎರಡು ಕಡೆಗೂ ಒಂದೇ.

ಒಂದು ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ. ದಿನ ತುಂಬದೆ ಹುಟ್ಟುವ ಮಕ್ಕಳಿಗೆ ಶ್ವಾಸಕೋಶ ಬಲಿತಿರಲ್ಲ. ಹೆರಿಗೆಗೆ ಮುಂಚೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗು ಉಳಿಯುವ ಸಾಧ್ಯತೆ ಜಾಸ್ತಿ ಅಂತ 1972ರಲ್ಲೇ ನ್ಯೂಜಿಲೆಂಡಿನ ಇಬ್ಬರು ವೈದ್ಯರು ತೋರಿಸಿದರು. ಅಗ್ಗದ ಮದ್ದು. ಆಮೇಲೆ ಇನ್ನೂ ಕೆಲವು ಅಧ್ಯಯನ ಬಂದವು. ಬಹಳಷ್ಟು ಚಿಕ್ಕವು. ಬಿಡಿಬಿಡಿಯಾಗಿ ನೋಡಿದರೆ ಕೆಲವು "ಸ್ಪಷ್ಟವಿಲ್ಲ" ಅನ್ನುತ್ತಿದ್ದವು. ಹಾಗಾಗಿ ಎಷ್ಟೋ ವೈದ್ಯರು ಹದಿನೈದಿಪ್ಪತ್ತು ವರ್ಷ ಆ ಮದ್ದು ಕೊಡಲೇ ಇಲ್ಲ. ಎಲ್ಲವನ್ನೂ ಒಟ್ಟು ಸೇರಿಸಿ ಲೆಕ್ಕ ಹಾಕಿದ ಮೇಲೆ ಉತ್ತರ ಎದ್ದು ಕಂಡಿತು. ಇಂಥ ರಿವ್ಯೂ ಮಾಡೋದಕ್ಕೇ 1993ರಲ್ಲಿ ಶುರುವಾದ ಕಾಕ್ರೇನ್ ಅನ್ನೋ ಸಂಸ್ಥೆಯ ಲಾಂಛನದಲ್ಲಿ ಕಾಣುವ ಅಡ್ಡಗೆರೆಗಳು ಅವೇ ಅಧ್ಯಯನಗಳು. ಒಟ್ಟು ಸೇರಿಸದೆ ಕಳೆದ ಆ ವರ್ಷಗಳಲ್ಲಿ ಹೋದ ಮಕ್ಕಳ ಲೆಕ್ಕ ಅದು ಅಂತ ನಮಗೆ ಕೆಲಸಕ್ಕೆ ಸೇರಿದ ಮೊದಲ ದಿನ ಹೇಳಿದ್ದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಆ ಅಧ್ಯಯನಗಳೆಲ್ಲ ಹೆಚ್ಚಿನವು ಶ್ರೀಮಂತ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಆದವು. ಅದೇ ಮದ್ದನ್ನು ಬಡ ದೇಶಗಳ ಹಳ್ಳಿ ಮಟ್ಟಕ್ಕೆ ತಂದರೆ ಹೇಗೆ ಅಂತ ಆರು ದೇಶದಲ್ಲಿ ಪ್ರಯೋಗ ಮಾಡಿದರು, ಸುಮಾರು ಒಂದು ಲಕ್ಷ ಹೆರಿಗೆ. ಅದರಲ್ಲಿ ನಮ್ಮ ಬೆಳಗಾವಿಯೂ ಒಂದು. 2015ರಲ್ಲಿ ಪ್ರಕಟವಾಯ್ತು. ಶಿಶು ಮರಣ ಕಡಿಮೆಯಾಗುವುದಿರಲಿ, ಒಟ್ಟಾರೆ ಸಾವಿರ ಮಕ್ಕಳಿಗೆ ಮೂರೂವರೆಯಷ್ಟು ಜಾಸ್ತಿಯಾಗಿತ್ತು! ಹಳ್ಳಿಯಲ್ಲಿ ಎಷ್ಟು ವಾರದ ಬಸುರಿ ಅಂತ ಸರಿಯಾಗಿ ಗೊತ್ತಿರಲ್ಲ, ಬೇಕಿಲ್ಲದವರಿಗೂ ಇಂಜೆಕ್ಷನ್ ಹೋಗಿತ್ತು. ಹುಟ್ಟಿದ ಮೇಲೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಅಷ್ಟಕ್ಕಷ್ಟೆ.

ಎಲ್ಲರೂ ಕಂಗಾಲು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಒಂದು ಪ್ರಯೋಗ ಮಾಡಿಸಿತು. ಭಾರತ, ಬಾಂಗ್ಲಾ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾದ 29 ಆಸ್ಪತ್ರೆ, 2,852 ತಾಯಂದಿರು. ಸ್ಕ್ಯಾನಿಂಗ್ ಮಾಡಿ ವಾರ ಲೆಕ್ಕ ಹಿಡಿದು, ಆಸ್ಪತ್ರೆಯಲ್ಲೇ ಕೊಟ್ಟರು. 2020ರಲ್ಲಿ ಫಲಿತಾಂಶ ಬಂತು. ಮದ್ದು ಕೊಡದ ಗುಂಪಲ್ಲಿ ನೂರಕ್ಕೆ 23.5 ಶಿಶು ಸತ್ತರೆ, ಕೊಟ್ಟ ಗುಂಪಲ್ಲಿ 19.6. ಅಂದರೆ ಬಡ ದೇಶದಲ್ಲೂ ಮದ್ದು ಕೆಲಸ ಮಾಡುತ್ತೆ, ಸುತ್ತಲಿನ ವ್ಯವಸ್ಥೆ ಸರಿಯಿದ್ದರೆ.

ಕೀನ್ಯಾದ ಜೇನುಪೆಟ್ಟಿಗೆ ಸುದ್ದಿ ಓದಿದ ತಕ್ಷಣ ನನಗೆ ಬೆಳಗಾವಿ ನೆನಪಾಯ್ತು. ಉಳಿದದ್ದು ನಾಳೆ, ಮಗಳು ಮಲಗ್ತಿಲ್ಲ.

ಗದ್ದೆಬದು · ಭಾನುವಾರ ರಾತ್ರಿ 11:02

ಅಕ್ಕಾ, ಬಸುರಿಯರಿಗೂ ಆನೆಗೂ ಏನು ಸಂಬಂಧ ಅಂತ ಬೈಯೋಣ ಅಂತಲೇ ಓದಲು ಶುರು ಮಾಡಿದೆ. ಕೊನೆವರೆಗೂ ಓದಿಸಿಬಿಟ್ಟಿರಿ. ಆದರೂ ಕೇಳುತ್ತೇನೆ. ಇಷ್ಟೆಲ್ಲ ಯಾಕೆ? ಹತ್ತು ಅಧ್ಯಯನ ತಗೊಳ್ಳಿ, ಆರು ಹೌದು ಅಂದವು, ನಾಲ್ಕು ಇಲ್ಲ ಅಂದವು. ಬಹುಮತ ಸಿಕ್ತು. ಮುಗೀತು.

ಹೇಮಾವತಿ_ದಂಡೆ · ಸೋಮವಾರ ಬೆಳಗ್ಗೆ 6:50

ಅಣ್ಣ, ನೀವು ಕಾಫಿ ಮಾರುವಾಗ ವ್ಯಾಪಾರಿ ಮೂಟೆ ಎಣಿಸಿ ದುಡ್ಡು ಕೊಡ್ತಾನಾ? ಸ್ಯಾಂಪಲ್ ತೆಗೀತಾನೆ, ತೇವ ನೋಡ್ತಾನೆ, ಔಟ್‌ಟರ್ನ್ ತೆಗೀತಾನೆ, ಅಂದರೆ ಒಳ್ಳೆ ಬೀಜ ಎಷ್ಟು ಸಿಗುತ್ತೆ ಅಂತ ನೋಡ್ತಾನೆ, ಬೋರರ್ ಹುಳು ಹೊಡೆದದ್ದು ಎಷ್ಟು ಅಂತ ಬೇರೆ ಮಾಡ್ತಾನೆ. ಅಲ್ವಾ? ಹತ್ತು ಮೂಟೆಯಲ್ಲಿ ಆರು ಮೂಟೆ ಜೊಳ್ಳಿದ್ದರೆ ಬಹುಮತ ಜೊಳ್ಳಿಗೇ.

ನಾವು ಮಾಡ್ತಿದ್ದದ್ದೂ ಅದೇ. ಎಷ್ಟು ಜನರ ಮೇಲೆ, ಎಷ್ಟು ದಿನ ನೋಡಿದ್ದು? ಹೋಲಿಸಲು ಏನಾದರೂ ಮಾಡದೆ ಬಿಟ್ಟ ಗುಂಪು ಇತ್ತಾ? ಫಲಿತಾಂಶ ಬರೆದವರಿಗೆ ಆ ವಸ್ತು ಮಾರಿ ಲಾಭ ಇತ್ತಾ? ಇದನ್ನೆಲ್ಲ ನೋಡಿ ಒಂದೊಂದಕ್ಕೆ ತೂಕ ಕೊಡೋದು. ಇನ್ನೊಂದು, ಯಾವುದನ್ನು ಸೇರಿಸ್ತೀವಿ, ಯಾವುದನ್ನು ಬಿಡ್ತೀವಿ ಅನ್ನೋ ನಿಯಮವನ್ನು ಹುಡುಕುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ನಮಗೆ ಬೇಕಾದ ಉತ್ತರ ಕೊಡುವ ಅಧ್ಯಯನ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತೆ. ನನಗೂ ಬಿದ್ದಿದೆ, ಸುಳ್ಳು ಯಾಕೆ ಹೇಳಲಿ.

ಬೇಲೂರ್_ಮೇಷ್ಟ್ರು · ಸೋಮವಾರ ಬೆಳಗ್ಗೆ 8:15

"ಹೋಲಿಸಲು ಏನಿತ್ತು" ಅಂದಿರಲ್ಲ, ಅದಕ್ಕೆ ನಮ್ಮ ಜಿಲ್ಲೆಯದ್ದೇ ಪಾಠ ಇದೆ. 2025ರ ಜೂನ್, ಜುಲೈ ನೆನಪಿದೆಯಾ? ಹಾಸನದಲ್ಲಿ ಹೃದಯಾಘಾತ, 40 ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಅಂತ ಟಿವಿಯಲ್ಲಿ ದಿನಾ ಸ್ಕೋರ್ ಬೋರ್ಡ್ ಥರ ಎಣಿಕೆ. ಜನ ಹೆದರಿ ಬೆಳಗಾಗುವ ಮುಂಚೆಯೇ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ನನ್ನ ಶಾಲೆಯ ಇಬ್ಬರು ಸಹೋದ್ಯೋಗಿಗಳೂ ಹೋಗಿ ಬಂದರು, ಇಬ್ಬರಿಗೂ ಗ್ಯಾಸ್ಟ್ರಿಕ್. ಕೋವಿಡ್ ಲಸಿಕೆಯೇ ಕಾರಣ ಅಂತ ದೊಡ್ಡವರಿಂದ ಹಿಡಿದು ಟೀ ಅಂಗಡಿವರೆಗೆ ಎಲ್ಲರ ಬಾಯಲ್ಲೂ ಮಾತು.

ಒಂದೇ ಪ್ರಶ್ನೆ ಯಾರೂ ಕೇಳಲಿಲ್ಲ. 2011ರ ಜನಗಣತಿಯಲ್ಲೇ ಹದಿನೇಳೂಮುಕ್ಕಾಲು ಲಕ್ಷ ಜನ ಇದ್ದ ಜಿಲ್ಲೆ ಇದು. ಅದಕ್ಕೆ ಹಿಂದಿನ ವರ್ಷ ಅದೇ 40 ದಿನದಲ್ಲಿ ಎಷ್ಟು ಜನ ಹೀಗೆ ಸತ್ತಿದ್ದರು?

ಆಮೇಲೆ ಜಯದೇವ ನಿರ್ದೇಶಕರ ನೇತೃತ್ವದ ಸಮಿತಿ ಕೂತು 24 ಸಾವುಗಳನ್ನು ಒಂದೊಂದಾಗಿ ತೆಗೆದು ನೋಡಿತು. ಅದರಲ್ಲಿ ನಾಲ್ಕು ಹೃದಯದ ಸಾವೇ ಅಲ್ಲ. ಒಟ್ಟಾರೆ ಅಸಹಜ ಏರಿಕೆ ಇಲ್ಲ ಅಂತ ವರದಿ. ಲಸಿಕೆ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲೇ ದೇಶದ 47 ಆಸ್ಪತ್ರೆಗಳಿಂದ ಮಾಹಿತಿ ತೆಗೆದು ನೋಡಿತ್ತು. ಹಠಾತ್ತಾಗಿ ಸತ್ತ 18ರಿಂದ 45 ವಯಸ್ಸಿನ 729 ಜನರನ್ನು, ಅದೇ ವಯಸ್ಸಿನ, ಅದೇ ಊರಿನ 2,916 ಬದುಕಿದ್ದವರ ಜೊತೆ ಹೋಲಿಸಿದರು. ಲಸಿಕೆಯಿಂದ ಅಪಾಯ ಹೆಚ್ಚಾದದ್ದು ಕಾಣಲಿಲ್ಲ. ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಹಠಾತ್ ಸಾವು ಇದ್ದವರು, ವಿಪರೀತ ಕುಡಿದವರು, ಇವರಲ್ಲಿ ಕಂಡಿತು.

ಇದೆಲ್ಲ ಆಗಲೇ ಇತ್ತು, ಆದರೆ ಜಿಲ್ಲೆಗೆ ಬೇಕಾದ ದಿನ ಕೈಗೆ ಸಿಗಲಿಲ್ಲ. ನಾನು ವಿಜ್ಞಾನದ ಮೇಷ್ಟ್ರು. ನನಗೂ ಸಿಗಲಿಲ್ಲ.

ಆಲೂರ್_ರಾಗಿಮುದ್ದೆ · ಸೋಮವಾರ ಮಧ್ಯಾಹ್ನ 1:20

ಆನೆಗೆ ಬನ್ನಿ ಸ್ವಾಮಿ. ಹಿಡಿದು ಬಿಡಿ ಅನ್ನೋರಿಗೆ ನಮ್ಮ ತಾಲ್ಲೂಕಿನ ಕಥೆ ಹೇಳಬೇಕು. ಹೈಕೋರ್ಟ್ ಹೇಳಿ ಆನೆ ಕಾರ್ಯಪಡೆ ಮಾಡಿಸಿತು, ಪ್ರೊಫೆಸರ್ ರಾಮನ್ ಸುಕುಮಾರ್ ಅಧ್ಯಕ್ಷರು, 2012ರಲ್ಲಿ ವರದಿ. ರಾಜ್ಯವನ್ನು ಮೂರು ಥರ ಭಾಗ ಮಾಡಿದರು. ಆನೆ ಉಳಿಸಬೇಕಾದ ಜಾಗ, ಆನೆ ಮತ್ತು ಜನ ಹೊಂದಿಕೊಳ್ಳಬೇಕಾದ ಜಾಗ, ಆನೆ ತೆಗೆಯಬೇಕಾದ ಜಾಗ. ನಮ್ಮ ಆಲೂರು ಮೂರನೇದು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದರು. ಲಾರಿ ಹತ್ತಿಸುವುದನ್ನು ನೋಡಲು ಜಾತ್ರೆ ಥರ ಜನ. ನಾನೂ ಹೋಗಿದ್ದೆ, ಮರ ಹತ್ತಿ ಕೂತಿದ್ದೆ.

ಸ್ವಲ್ಪ ದಿನ ಆರಾಮಿತ್ತು. ಆಮೇಲೆ? ಖಾಲಿ ಮನೆಗೆ ಬಾಡಿಗೆಗೆ ಬಂದ ಹಾಗೆ ಬೇರೆ ಆನೆ ಬಂದವು. ಈಗ ಎಷ್ಟಿವೆ ಅಂತ ನೀವೇ ನೋಡ್ತಿದ್ದೀರಿ. ಬೀಟಮ್ಮ ಅನ್ನೋ ಹೆಣ್ಣಾನೆಯ ಗುಂಪಂತೂ ಚಿಕ್ಕಮಗಳೂರು ತನಕ ಟೂರ್ ಹೋಗಿ ಬಂತು.

ಹೇಮಾವತಿ_ದಂಡೆ · ಸೋಮವಾರ ಸಂಜೆ 7:05

ರಾಗಿಮುದ್ದೆಯವರ ಮಾತಿಗೆ ಜೊತೆಯಾಗಿ ಶ್ರೀಲಂಕಾದ್ದು ಒಂದಿದೆ, 2012ರಲ್ಲಿ ಬಂದದ್ದು. ಹಿಡಿದು ಬೇರೆ ಕಡೆ ಬಿಟ್ಟ 12 ಗಂಡಾನೆಗಳಿಗೆ ಜಿಪಿಎಸ್ ಕಾಲರ್ ಹಾಕಿ ಹಿಂಬಾಲಿಸಿದರು. ಹೋಲಿಸಲು ಹಿಡಿಯದೆ ಬಿಟ್ಟ 12 ಆನೆ. ಕೆಲವು ನೇರ ವಾಪಸ್ ಹೊರಟವು. ಕೆಲವು ಊರೂರು ಅಲೆದವು. ಕೆಲವೇ ಕೆಲವು ಬಿಟ್ಟ ಕಡೆ ನಿಂತವು. ಒಟ್ಟಿನಲ್ಲಿ ಗಲಾಟೆ ಕಡಿಮೆ ಆಗಲಿಲ್ಲ, ಹೊಸ ಊರುಗಳಿಗೂ ಹರಡಿತು. ಆನೆಗಳೂ ಹೆಚ್ಚು ಸತ್ತವು. ಸಂಖ್ಯೆ ಚಿಕ್ಕದು. ಆದರೆ ಕಾಲರ್ ಸುಳ್ಳು ಹೇಳಲ್ಲ, ಹೋಲಿಕೆ ಗುಂಪೂ ಇದೆ, ನಿಮ್ಮ ಕಣ್ಣಾರೆ ಕಂಡದ್ದಕ್ಕೂ ತಾಳೆಯಾಗುತ್ತೆ. ಹಾಗಾಗಿ ಇದಕ್ಕೆ ನಾನು ತೂಕ ಕೊಡುತ್ತೇನೆ.

ಈಗ ಜೇನು. ಆ ಶೇಕಡಾ 86 ನಿಜ, ಗಾಳಿಸುದ್ದಿ ಅಲ್ಲ. ಕೀನ್ಯಾದ ತ್ಸಾವೊ ಕಾಡಿನ ಪಕ್ಕದ ಹಳ್ಳಿಗಳಲ್ಲಿ ಒಂಬತ್ತು ವರ್ಷ ನೋಡಿದ್ದು, 2024ರಲ್ಲಿ ಪ್ರಕಟ. ಬೆಳೆ ತುಂಬಿ ನಿಂತ ಒಳ್ಳೆಯ ಹಂಗಾಮುಗಳಲ್ಲಿ ಅಷ್ಟು ಆನೆ ಬೇಲಿ ಒಳಗೆ ಬರಲಿಲ್ಲ. ಆದರೆ ಅದೇ ಬರಹದಲ್ಲಿ ಇನ್ನೊಂದು ಸಾಲಿದೆ, ವಾಟ್ಸಾಪಿಗೆ ಬಂದಿಲ್ಲ. 2017ರ ಬರಗಾಲದಲ್ಲಿ ಪೆಟ್ಟಿಗೆಯಲ್ಲಿ ಹುಳು ನಿಲ್ಲಲಿಲ್ಲ, ಆಮೇಲೂ ವರ್ಷಗಟ್ಟಲೆ ಚೇತರಿಸಲಿಲ್ಲ. ಹುಳು ಇಲ್ಲದ ಪೆಟ್ಟಿಗೆ ಅಂದರೆ ಬರೀ ಹಲಗೆ.

ಮುಂದೆ ನೀವೇ ಹೇಳಿ. ಅಲ್ಲಿ ಆಫ್ರಿಕಾದ ಆನೆ, ಆಫ್ರಿಕಾದ ಸಿಡುಕು ಜೇನು. ಇಲ್ಲಿ ಏಷ್ಯಾದ ಆನೆ, ನಮ್ಮ ಸಾಧು ತುಡುವೆ ಜೇನು. ನಮ್ಮ ಆನೆಗೂ ಜೇನಿನ ಸದ್ದು ಕೇಳಿದರೆ ಹಿಂದೆ ಸರಿಯುವ ಅಭ್ಯಾಸ ಇದೆ ಅಂತ 2018ರಲ್ಲಿ ಶ್ರೀಲಂಕಾದಲ್ಲಿ ನೋಡಿದ್ದಾರೆ, ಆಫ್ರಿಕಾದಷ್ಟು ಜೋರಾಗಿ ಅಲ್ಲ. ಖಾದಿ ಆಯೋಗ 2021ರ ಮಾರ್ಚ್‌ನಲ್ಲಿ ಕೊಡಗಿನ ನಾಗರಹೊಳೆ ಅಂಚಿನಲ್ಲಿ ಇದೇ ಪ್ರಯೋಗ ಶುರು ಮಾಡಿತ್ತು. ಅಲ್ಲಿಯ ರೈತರು ಇಲ್ಲಿ ಇದ್ದರೆ ಬರೆಯಿರಿ, ನಿಮ್ಮ ಮಾತೇ ಬೇಕು.

ಬೈನೆಮರ · ಸೋಮವಾರ ರಾತ್ರಿ 9:40

ನಾನು ಮೂಡಿಗೆರೆ ಕಡೆ. ಜೇನು ಸಾಕೋದು ಅಪ್ಪನ ಕಾಲದಿಂದ. ಕೊಡಗಿನದು ನನಗೆ ಗೊತ್ತಿಲ್ಲ, ತುಡುವೆ ಗೊತ್ತು. ಜೂನ್ ಮಳೆ ಹಿಡಿಯಿತು ಅಂದರೆ ಹೂವಿಲ್ಲ, ಬಿಸಿಲಿಲ್ಲ. ಸಕ್ಕರೆ ಪಾಕ ಕೊಟ್ಟು ಕಾಪಾಡಬೇಕು. ಒಂದು ವಾರ ಮರೆತರೆ ಕುಟುಂಬ ಎದ್ದು ಹೋಗಿರುತ್ತೆ. ಇರುವೆ, ಮೇಣದ ಹುಳು ಬೇರೆ. 1991-92ರಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ರೋಗ ಬಂದಾಗ ಅಪ್ಪನ ಪೆಟ್ಟಿಗೆಗಳೆಲ್ಲ ಖಾಲಿ, ಇಡೀ ದಕ್ಷಿಣ ಭಾರತದಲ್ಲೇ ಬಹುಪಾಲು ತುಡುವೆ ಹೋಗಿತ್ತು.

ಭತ್ತಕ್ಕೆ ಆನೆ ಬರೋದು ಯಾವಾಗ? ತೆನೆ ಹಾಲುಗಟ್ಟುವಾಗ, ಅಕ್ಟೋಬರ್, ನವೆಂಬರ್. ಮಳೆ ಮುಗಿಸಿ ಜೇನು ಅತಿ ಬಡವಾಗಿರೋ ಹೊತ್ತದು. ಇನ್ನೊಂದು, ಆನೆ ಬರೋದು ರಾತ್ರಿ, ತುಡುವೆ ರಾತ್ರಿ ಹೊರಗೆ ಬರಲ್ಲ. ಪೆಟ್ಟಿಗೆ ಅಲ್ಲಾಡಿಸಿದರೆ ಗುಂಯ್ ಅನ್ನುತ್ತೆ, ಅಷ್ಟೇ. ಜೇನು ಸಾಕಿ, ಜೇನು ಮಾರಿ, ಕಾಫಿ ಹೂವಿಗೂ ಒಳ್ಳೇದು. ಆನೆ ನಿಲ್ಲುತ್ತೆ ಅಂತ ಮಾತ್ರ ಪೆಟ್ಟಿಗೆ ಕೊಳ್ಳಬೇಡಿ.

ಹೇಮಾವತಿ_ದಂಡೆ · ಸೋಮವಾರ ರಾತ್ರಿ 9:58

ಬೈನೆಮರ ಅಣ್ಣ, ಈ ಎರಡು ಪ್ಯಾರಾ ಬರೆಯಲು ನಮ್ಮ ಆಫೀಸಲ್ಲಿ ಆರು ತಿಂಗಳು ತಗೊಳ್ತಿದ್ದರು.

ತೋಟದಂಚು · ಮಂಗಳವಾರ ಬೆಳಗ್ಗೆ 7:30

ಹಾಗಾದರೆ ಜೇನು ಬಿಟ್ಟೆ. ಹಿಡಿಯೋದೂ ಬಿಟ್ಟೆ. ಉಳಿದದ್ದು ಕಂದಕ, ಸೋಲಾರ್, ಬ್ಯಾರಿಕೇಡ್. ಇವುಗಳಲ್ಲಿ ಯಾವುದು?

ಗದ್ದೆಬದು · ಮಂಗಳವಾರ ಬೆಳಗ್ಗೆ 8:02

ಕಂದಕದ ಲೆಕ್ಕ ನಾನು ಹೇಳ್ತೀನಿ, ಅಧ್ಯಯನ ಬೇಡ. ಮೂರು ಮೀಟರ್ ಅಗಲ, ಮೂರು ಮೀಟರ್ ಆಳ ಅಂತ ತೋಡ್ತಾರೆ. ಎರಡು ಮಳೆಗಾಲ. ನಮ್ಮ ಮಣ್ಣು ಕುಸಿದು ಅರ್ಧ ತುಂಬುತ್ತೆ. ಉಳಿದದ್ದನ್ನು ಆನೆ ಕಾಲಲ್ಲಿ ಅಂಚು ಕೆದರಿ ಮುಗಿಸುತ್ತೆ. ಹಳ್ಳ ಅಡ್ಡ ಬಂದ ಕಡೆ ಕಂದಕ ತೋಡಲು ಬರಲ್ಲ, ಆ ಹಳ್ಳವೇ ಆನೆಗೆ ಹೆದ್ದಾರಿ. ಸೋಲಾರ್ ನಾನೂ ಹಾಕಿಸಿದ್ದೆ, ಸಬ್ಸಿಡಿ ಬಿಟ್ಟು ಕೈಯಿಂದ ನಲವತ್ತು ಸಾವಿರ. ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ಬ್ಯಾಟರಿ ಸತ್ತಿತು, ಹಾಕಿಕೊಟ್ಟವನು ಫೋನ್ ಎತ್ತಲಿಲ್ಲ. ಬಳ್ಳಿ ಹಬ್ಬಿ ಕರೆಂಟೆಲ್ಲ ನೆಲಕ್ಕೆ. ಒಂದು ಒಂಟಿ ಸಲಗ ಬಂದು ದಂತದಲ್ಲಿ ತಂತಿ ಎತ್ತಿ ಕಂಬ ಮುರಿದು ಹೋಯ್ತು. ದಂತಕ್ಕೆ ಶಾಕ್ ಹೊಡೆಯಲ್ಲ ಅಂತ ಅದಕ್ಕೆ ಯಾವ ಪ್ರೊಫೆಸರ್ ಹೇಳಿಕೊಟ್ಟರೋ!

ಹೇಮಾವತಿ_ದಂಡೆ · ಮಂಗಳವಾರ ಬೆಳಗ್ಗೆ 8:40

ನಿಮ್ಮ ಬೇಲಿ ಕೆಟ್ಟದ್ದನ್ನು ಯಾರಾದರೂ ಬರೆದುಕೊಂಡರಾ?

ಗದ್ದೆಬದು · ಮಂಗಳವಾರ ಬೆಳಗ್ಗೆ 8:44

ಕೆಟ್ಟ ಬೇಲಿ ಮುಂದೆ ಯಾರು ಫೋಟೋ ತೆಗೆಸ್ಕೊಳ್ತಾರೆ ಅಕ್ಕ. ಹಾಕಿದ ದಿನ ಹಾರ, ಶಾಲು ಎಲ್ಲ ಇತ್ತು.

ಹೇಮಾವತಿ_ದಂಡೆ · ಮಂಗಳವಾರ ಬೆಳಗ್ಗೆ 9:15

ಇದೇ ನಮ್ಮ ಕೆಲಸದ ದೊಡ್ಡ ತಲೆನೋವು. ಗೆದ್ದ ಪ್ರಯೋಗ ಪ್ರಕಟವಾಗುತ್ತೆ, ಸೋತದ್ದು ಡ್ರಾಯರಲ್ಲಿ ಉಳಿಯುತ್ತೆ. ಆಮೇಲೆ ಸಿಕ್ಕಿದ್ದನ್ನೆಲ್ಲ ನಾವು ಎಷ್ಟೇ ಪ್ರಾಮಾಣಿಕವಾಗಿ ಒಟ್ಟು ಸೇರಿಸಿದರೂ ಉತ್ತರ ಸಿಹಿಯ ಕಡೆಗೇ ವಾಲುತ್ತೆ.

ಬೇಲಿ ವಿಷಯದಲ್ಲಿ ಹೊರಗಿನ ಅಧ್ಯಯನಗಳು ಹೇಳೋದೂ ಗದ್ದೆಬದು ಅಣ್ಣ ಹೇಳಿದ್ದನ್ನೇ. ಯಾವ ಥರದ ಬೇಲಿ ಅನ್ನೋದಕ್ಕಿಂತ ಯಾರು ನೋಡಿಕೊಳ್ತಾರೆ ಅನ್ನೋದು ಮುಖ್ಯ. ಕೇಂಬ್ರಿಡ್ಜಿನಲ್ಲಿ ಕನ್ಸರ್ವೇಷನ್ ಎವಿಡೆನ್ಸ್ ಅಂತ ಒಂದು ತಂಡ 2004ರಿಂದ ಇಂಥ ಕ್ರಮಗಳ ಫಲಿತಾಂಶ ಒಟ್ಟು ಮಾಡಿ ಪುಕ್ಕಟೆಯಾಗಿ ಇಡುತ್ತೆ. ಆನೆ ಬೇಲಿಯದ್ದೂ ಇದೆ, ಮೆಣಸಿನಕಾಯಿ ಹೊಗೆಯದ್ದೂ ಇದೆ. ಓದಿದರೆ ನಿರಾಸೆ ಆಗುತ್ತೆ ಅಂತ ಮೊದಲೇ ಹೇಳ್ತೀನಿ. ಒಂದೊಂದಕ್ಕೆ ಬೆರಳೆಣಿಕೆಯ ಅಧ್ಯಯನ.

ಲೈನ್‌ಮನೆ_ಹುಡುಗಿ · ಮಂಗಳವಾರ ರಾತ್ರಿ 8:20

ನಾನು ಇಲ್ಲಿ ಬರೀತಿರೋದು ಮೊದಲ ಸಲ. ತಪ್ಪಿದ್ದರೆ ಕ್ಷಮಿಸಿ. ಅಮ್ಮ ತೋಟದ ಕೆಲಸಕ್ಕೆ ಹೋಗೋದು, ನಾನು ಹಾಸನದಲ್ಲಿ ಬಿ.ಎ. ಓದ್ತಿರೋದು. ರಜೆಗೆ ಬಂದಿದ್ದೀನಿ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಅಮ್ಮ ಹೇಳಿದ್ದನ್ನು ಹಾಗೇ ಬರೀತೀನಿ.

"ಇವರೆಲ್ಲ ಬೇಲಿ ಬೇಲಿ ಅಂತಾರೆ. ಬೇಲಿ ತೋಟಕ್ಕೆ. ನಾವು ಬೆಳಗ್ಗೆ ಏಳೂವರೆಗೆ ರಸ್ತೆಯಲ್ಲಿ ನಡೀತೀವಿ, ಅದಕ್ಕೆ ಯಾವ ಬೇಲಿ? ಆನೆ ಕಾಫಿ ತುಳಿದರೆ ಗಿಡ ಮತ್ತೆ ಬರುತ್ತೆ. ಹೋದ ವರ್ಷ ನಮ್ಮ ಜೊತೆಯವಳು ಕೆಲಸಕ್ಕೆ ಹೋಗುವಾಗ ತಿರುವಲ್ಲಿ ಆನೆ ಇತ್ತು, ಅವಳಿಗೆ ಗೊತ್ತೇ ಇರಲಿಲ್ಲ. ಪಕ್ಕದ ಎಸ್ಟೇಟಿನವರಿಗೆ ಹಿಂದಿನ ರಾತ್ರಿಯೇ ಗೊತ್ತಿತ್ತು. ನಮಗೆ ಒಂದು ಮಾತು ಹೇಳಿದ್ದರೆ ಆ ದಾರೀಲಿ ಹೋಗ್ತಿರಲಿಲ್ಲ."

ಇಷ್ಟೇ ಅಮ್ಮ ಹೇಳಿದ್ದು.

ತೋಟದಂಚು · ಮಂಗಳವಾರ ರಾತ್ರಿ 10:30

ಎರಡು ಗಂಟೆಯಿಂದ ಏನು ಬರೀಬೇಕು ಅಂತ ಗೊತ್ತಾಗದೆ ಕೂತಿದ್ದೆ. ನಾನು ಯಾವ ಬೇಲಿ ಅಂತ ಕೇಳಿದೆ. ನನ್ನ ತೋಟದಲ್ಲೂ ದಿನಾ ಎಂಟು ಜನ ಕೆಲಸಕ್ಕೆ ಬರ್ತಾರೆ. ಅವರನ್ನು ಕೇಳಿರಲಿಲ್ಲ.

ಹೇಮಾವತಿ_ದಂಡೆ · ಮಂಗಳವಾರ ರಾತ್ರಿ 11:10

ಗೌಡ್ರೇ, ಬೇಜಾರು ಮಾಡಿಕೊಳ್ಳಬೇಡಿ. ನಾವು ಎಂಟು ವರ್ಷ ಸಂಬಳ ತಗೊಂಡು ಇದೇ ತಪ್ಪು ಮಾಡಿದ್ದೇವೆ. ಹುಡುಕುವ ಮೊದಲು ನಾಲ್ಕು ವಿಷಯ ಬರೆದುಕೊಳ್ಳಬೇಕು ಅಂತ ಕಲಿಸ್ತಾರೆ. ಯಾರಿಗೆ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿ, ಯಾವ ಫಲ. ಮೊದಲ ಮೂರಕ್ಕೆ ದಿನಗಟ್ಟಲೆ ಜಗಳ ಆಡ್ತಿದ್ದೆವು. ನಾಲ್ಕನೇದು, ಯಾವ ಫಲ ಅನ್ನೋದು, ಸುಲಭವಾಗಿ ಅಳೆಯಲು ಸಿಗುವುದೇ ಆಗಿಬಿಡ್ತಿತ್ತು. ಬೆಳೆ ನಷ್ಟ ಅಳೆಯೋದು ಸುಲಭ, ಪರಿಹಾರದ ಅರ್ಜಿ ಇದೆ. ಏಳೂವರೆಗೆ ನಡೆಯುವ ಹೆಂಗಸಿನ ಭಯಕ್ಕೆ ಅರ್ಜಿ ಇಲ್ಲ.

ಆ ತಾಯಿಯ ಪ್ರಶ್ನೆ ಹಿಡಿದು ಹುಡುಕಿದರೆ ಬೇರೆಯದೇ ಅಧ್ಯಯನಗಳು ಸಿಗ್ತವೆ. ತಮಿಳುನಾಡಿನ ವಾಲ್ಪಾರೆಯಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನವರು ಆನೆಯಿಂದ ಆದ ಸಾವುಗಳನ್ನು ಒಂದೊಂದಾಗಿ ನೋಡಿದರು. ಸತ್ತವರಲ್ಲಿ ಬಹುಪಾಲು ಜನಕ್ಕೆ ಆನೆ ಹತ್ತಿರದಲ್ಲಿದೆ ಅನ್ನೋದೇ ಗೊತ್ತಿರಲಿಲ್ಲ. ಅಮ್ಮ ಹೇಳಿದ್ದೇ ಅಲ್ವಾ? ಅದಕ್ಕೆ ಅವರು ಸಂಜೆ ಟಿವಿಯಲ್ಲಿ ಸುದ್ದಿ ಓಡಿಸಿದರು, ಎಸ್‌ಎಂಎಸ್ ಕಳಿಸಿದರು, ಎತ್ತರದಲ್ಲಿ ಕೆಂಪು ದೀಪ ಹಾಕಿದರು. ಆನೆ ಬಂದರೆ ಊರಿನವರೇ ಮೊಬೈಲಿಂದ ದೀಪ ಹಚ್ಚೋದು. ಸಾವು ಕಡಿಮೆಯಾಯ್ತು. ಆಮೇಲೆ ಅದೇ ಮಾದರಿ ನಮ್ಮ ಹಾಸನಕ್ಕೂ ಬಂತು, ನಮ್ಮಲ್ಲಿ ಹಲವರಿಗೆ ಎಸ್‌ಎಂಎಸ್ ಬರ್ತಿದೆ.

ಇದಕ್ಕೂ ಔಟ್‌ಟರ್ನ್ ತೆಗೀಲೇಬೇಕು. ಇದು ಮುಂಚೆ ಮತ್ತು ಆಮೇಲೆ ಅನ್ನೋ ಹೋಲಿಕೆ. ದೀಪ ಹಾಕದ ಇನ್ನೊಂದು ಊರನ್ನು ಪಕ್ಕದಲ್ಲಿಟ್ಟು ನೋಡಿದ್ದಲ್ಲ. ವರ್ಷಕ್ಕೆ ಸಾವಿನ ಸಂಖ್ಯೆ ಚಿಕ್ಕದು, ಒಂದೆರಡು ಹೆಚ್ಚುಕಡಿಮೆಯಾದರೆ ಅಂಕಿ ಅಲ್ಲಾಡುತ್ತೆ. ಕಾಕ್ರೇನ್ ಲೆಕ್ಕದಲ್ಲಿ ಇದು ಗಟ್ಟಿ ಪುರಾವೆ ಅಲ್ಲ. ಆದರೂ ಖರ್ಚು ಕಡಿಮೆ, ಕೆಟ್ಟರೆ ಆಗುವ ಹಾನಿ ಕಡಿಮೆ, ಕಾರಣವೂ ಕಣ್ಣಿಗೆ ಕಾಣುತ್ತೆ. ನಾನು ಗ್ರಾಮಸಭೆಯಲ್ಲಿದ್ದರೆ ಇದಕ್ಕೇ ಕೈ ಎತ್ತುತ್ತಿದ್ದೆ.

ಬೇಲೂರ್_ಮೇಷ್ಟ್ರು · ಬುಧವಾರ ಬೆಳಗ್ಗೆ 7:55

ಎಸ್‌ಎಂಎಸ್ ಬರ್ತಿದೆ ನಿಜ. ಯಾರ ಫೋನಿಗೆ? ನಮ್ಮ ಬಿಕ್ಕೋಡು ಕಡೆ ಲೈನ್‌ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಹೆಂಗಸರಲ್ಲಿ ಅರ್ಧ ಜನರ ಹತ್ತಿರ ಫೋನಿಲ್ಲ, ಇದ್ದರೂ ಗಂಡಸರ ಜೇಬಲ್ಲಿ. ಅಸ್ಸಾಮಿಂದ ಬಂದ ಕೆಲಸದವರಿಗೆ ಕನ್ನಡ ಓದಲು ಬರಲ್ಲ. ಸಿಗ್ನಲ್ ಕಥೆ ಬೇಡ. ದೀಪವೇ ಲೇಸು. ಕೆಂಪು ಉರಿದರೆ ಯಾವ ಭಾಷೆಯವನಿಗೂ ಅರ್ಥ ಆಗುತ್ತೆ.

ಗದ್ದೆಬದು · ಬುಧವಾರ ಬೆಳಗ್ಗೆ 8:20

ದೀಪ ಹಚ್ಚೋದು ಯಾರು ಮೇಷ್ಟ್ರೇ? ಅದಕ್ಕೂ ಬ್ಯಾಟರಿ ಇದೆ. ಬ್ಯಾಟರಿ ವಿಷಯದಲ್ಲಿ ನನ್ನ ಅನುಭವ ಮೇಲೆ ಬರೆದಿದ್ದೇನೆ. ಮತ್ತೆ ಭತ್ತ ಬೆಳೆಯೋನು ದೀಪ ನೋಡ್ತಾ ಕೂರಬೇಕಾ? ನನಗೆ ಬ್ಯಾರಿಕೇಡೇ ಬೇಕು. ಈ ಮಾತಿಂದ ನಾನು ಹಿಂದೆ ಸರಿಯಲ್ಲ.

ಹೇಮಾವತಿ_ದಂಡೆ · ಬುಧವಾರ ಬೆಳಗ್ಗೆ 9:00

ಸರಿಯಬೇಡಿ ಅಣ್ಣ. ಪುರಾವೆ ಎಷ್ಟೇ ಚೆನ್ನಾಗಿ ಒಟ್ಟು ಮಾಡಿದರೂ, ಭತ್ತ ಮೊದಲಾ ದಾರಿ ಮೊದಲಾ ಅಂತ ಅದು ಹೇಳಲ್ಲ. ಅದು ಗ್ರಾಮಸಭೆಯ ಜಗಳ, ನೀವೇ ಆಡಬೇಕು. ಬ್ಯಾರಿಕೇಡ್ ಕೇಳುವಾಗ ಒಂದು ಸಾಲು ಸೇರಿಸಿ. ಹಳ್ಳ ದಾಟುವ ಕಡೆ ಏನು ಮಾಡ್ತೀರಿ, ಐದು ವರ್ಷ ದುರಸ್ತಿ ಯಾರದು, ಅಂತ. ಹಳ್ಳದಲ್ಲಿ ಬಾಯಿ ಬಿಟ್ಟಿದ್ದರೆ ಎಲ್ಲ ಆನೆಯೂ ಅದೇ ಒಂದು ಊರಿಗೆ ಬರ್ತವೆ.

ತೋಟದಂಚು · ಗುರುವಾರ ರಾತ್ರಿ 9:45

ನಿನ್ನೆ ಊರಲ್ಲಿ ಒಂದು ಸಣ್ಣ ಮೀಟಿಂಗ್ ಮಾಡಿದೆವು. ಈ ಸಲ ಲೈನ್‌ಮನೆಯವರನ್ನೂ ಕರೆದಿದ್ದೆ. ಹದಿನಾಲ್ಕು ಹೆಂಗಸರು ಬಂದರು. ಮೊದಲ ಬೇಡಿಕೆ ಮೂರು ತಿರುವಲ್ಲಿ ಕೆಂಪು ದೀಪ, ಬೆಳಗ್ಗೆ ಕೆಲಸದವರಿಗೆ ಜೀಪು. ಎರಡನೇದು ಗದ್ದೆ ಬಯಲಿಗೆ ಬ್ಯಾರಿಕೇಡ್, ದುರಸ್ತಿ ಷರತ್ತಿನ ಜೊತೆ. ಒಂದೇ ಬೇಡಿಕೆ ಅಂದಿದ್ದರು, ಎರಡಾಗಿದೆ, ಬೈಸ್ಕೊಳ್ತೀನಿ. ದೀಪ ಹಚ್ಚುವ ಹೊಣೆ ವಾರಕ್ಕೊಂದು ಮನೆ.

ಇನ್ನೊಂದು. ಪಕ್ಕದ ಊರಿನವರು ದೀಪ ಬೇಡ ಅಂದಿದ್ದಾರೆ. ಅಕ್ಕ ಹೇಳಿದ ಹಾಗೆ ಹೋಲಿಸಲು ಒಂದು ಊರು ಸಿಕ್ಕಿತು. ಎರಡೂ ಊರಲ್ಲಿ ಒಂದೊಂದು ನೋಟ್‌ಬುಕ್ ಇಡೋಣ ಅಂತ ಮಾತಾಗಿದೆ. ಅದರಲ್ಲಿ ಏನೇನು ಬರೀಬೇಕು?

ಹೇಮಾವತಿ_ದಂಡೆ · ಗುರುವಾರ ರಾತ್ರಿ 10:15

ದಿನ, ಹೊತ್ತು, ಎಲ್ಲಿ, ಎಷ್ಟು ಆನೆ, ದೀಪ ಉರಿದಿತ್ತಾ, ಜನ ಎದುರಾದರಾ. ಜಾಸ್ತಿ ಕಾಲಂ ಮಾಡಬೇಡಿ, ಹದಿನೈದು ದಿನಕ್ಕೆ ಬೇಸರ ಬರುತ್ತೆ. ದೀಪ ಕೆಟ್ಟ ದಿನವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಬೇಡ ಅಂದ ಊರು ಮೊದಲೇ ನಿಮ್ಮೂರಿಗಿಂತ ಬೇರೆ ಥರ ಇರಬಹುದು, ಅದಕ್ಕೆ ದೀಪ ಹಾಕುವ ಮುಂಚೆಯೇ ಎರಡು ತಿಂಗಳು ಬರೆದಿಟ್ಟುಕೊಳ್ಳಿ.

ಲೈನ್‌ಮನೆ_ಹುಡುಗಿ · ಗುರುವಾರ ರಾತ್ರಿ 10:40

ನಮ್ಮ ಕಡೆ ಪುಸ್ತಕ ಅಮ್ಮ ಇಟ್ಕೊಳ್ತಾಳಂತೆ, ನಾನು ಹಾಸನಕ್ಕೆ ಹೋದ ಮೇಲೆ ತಮ್ಮ ಬರೀತಾನೆ. ಅಮ್ಮ ಕೇಳ್ತಿದ್ದಾಳೆ, ಆನೆ ಬರದ ದಿನವೂ ಬರೀಬೇಕಾ ಅಂತ.

ಹೇಮಾವತಿ_ದಂಡೆ · ಗುರುವಾರ ರಾತ್ರಿ 10:42

ಬರೀಲೇಬೇಕು. ಮೇಷ್ಟ್ರು ಹೇಳಿದ 40 ದಿನದ ಕಥೆ ಅಮ್ಮನಿಗೆ ಓದಿ ಹೇಳಿ.

ಲೈನ್‌ಮನೆ_ಹುಡುಗಿ · ಗುರುವಾರ ರಾತ್ರಿ 10:51

ಹೇಳಿದೆ. ಮೊದಲ ಸಾಲು ಬರೆಸಿದಳು: ಗುರುವಾರ, ರಾತ್ರಿ ಹತ್ತೂಮುಕ್ಕಾಲು, ಆನೆ ಇಲ್ಲ.

ಗದ್ದೆಬದು · ಗುರುವಾರ ರಾತ್ರಿ 10:58

ಇಲ್ಲಿ ಇದೆ. ಹಲಸಿನ ಮರದ ಹತ್ತಿರ, ಎರಡು ದೊಡ್ಡದು, ಒಂದು ಮರಿ. ನಾಯಿ ಬೊಗಳ್ತಿದೆ. ಯಸಳೂರು ರಸ್ತೆಯಲ್ಲಿ ಯಾರೂ ಬೈಕಲ್ಲಿ ಬರಬೇಡಿ. ಅಕ್ಕಾ, ನನಗೂ ಒಂದು ನೋಟ್‌ಬುಕ್ ಕಾಲಂ ಹಾಕಿ ಕಳಿಸಿ.